ಲೋಟದ ಅಂಚಿನ ಕಪ್ಪು ಗೆರೆ

ಆ ದಿನಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ನೋಡುತ್ತಿದ್ದದ್ದು ನಮ್ಮ ಅತ್ತೆಯ ಅಂಗೈಗಳನ್ನು. ಚಹಾದ ಲೋಟಕ್ಕೆ ಅವರು ಕೈ ಚಾಚಿದಾಗ ಕೊಡುವ ನೆಪದಲ್ಲಿ ಒಂದು ಗಳಿಗೆ ತಡೆದು ಬೆರಳ ಸಂದಿ, ಹೆಬ್ಬೆರಳ ಬುಡ, ಗೆರೆಗಳ ನಡುವಿನ ಚರ್ಮ ಎಲ್ಲವನ್ನೂ ನೋಡಿಬಿಡುತ್ತಿದ್ದೆ.

“ದಿನಾ ಏನ್ ನೋಡ್ತೀಯವಾ? ಕಣಿ ಹೇಳಾಕಿ ಆಗೀ ಏನ್?” ಎಂದು ಅವರು ಲೋಟ ಕಸಿದುಕೊಳ್ಳುತ್ತಿದ್ದರು.

ಅಂಗೈ ಕೆಂಪಾಗಬಹುದು, ಉರಿಯಬಹುದು, ಸಿಪ್ಪೆ ಏಳಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಂಗಾಲು ಕೂಡ. ಬಾಯಲ್ಲಿ ಹುಣ್ಣಾಗಬಹುದು, ಭೇದಿ ಹತ್ತಬಹುದು. ಇದನ್ನೆಲ್ಲ ನಾನು ಒಂದು ಹಾಳೆಯಲ್ಲಿ ಬರೆದು, ಪಕ್ಕಕ್ಕೆ ದಿನಗಳ ಸಾಲು ಎಳೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಸ್ಕೇಲು ಇಡದೆ ಗೆರೆ ಎಳೆಯಲು ಈಗಲೂ ಕೈ ಬರುವುದಿಲ್ಲ. ಮಾತ್ರೆ ತೆಗೆದುಕೊಂಡ ಮೇಲೆ ಒಂದು ಟಿಕ್. ಅಂಗೈ, ಬಾಯಿ, ಹೊಟ್ಟೆ, ಈ ಮೂರರ ಎದುರು ‘ಇಲ್ಲ’, ‘ಇಲ್ಲ’, ‘ಇಲ್ಲ’.

ಆ ‘ಇಲ್ಲ’ಗಳನ್ನು ನೋಡಿ ನಾನು ಎಷ್ಟು ಖುಷಿಪಟ್ಟಿದ್ದೆ ಎಂಬುದು ನೆನಪಾದರೆ ಇಂದಿಗೂ ಹೆದರಿಕೆಯಾಗುತ್ತದೆ.

ಅತ್ತೆಗೆ ಎಪ್ಪತ್ತು ದಾಟಿದೆ. ಹೊಸಪೇಟೆಯ ನಮ್ಮ ಮನೆಯಲ್ಲಿ, ನನ್ನ ಗಂಡ ಮತ್ತು ನನ್ನ ಜೊತೆಗೇ ಇರುವವರು. ಕರುಳಿನಲ್ಲಿ ಗಡ್ಡೆ ಎಂದು ಗೊತ್ತಾದದ್ದು, ದೊಡ್ಡ ಊರಿನ ಆಸ್ಪತ್ರೆಯಲ್ಲಿ ಅದನ್ನು ಕೊಯ್ದು ತೆಗೆದದ್ದು, ಎಲ್ಲ ಎರಡು ತಿಂಗಳೊಳಗೆ ಮುಗಿದುಹೋಗಿತ್ತು. ಮುಗಿಯಿತು ಎಂದುಕೊಂಡಿದ್ದೆವು. ಕೊಯ್ದ ಭಾಗದ ಪರೀಕ್ಷೆಯ ವರದಿ ಬಂದಾಗ, ಪಕ್ಕದ ಗ್ರಂಥಿಗಳಿಗೂ ಅದು ಹರಡಿದೆ ಎಂದಿತ್ತು. ಕಣ್ಣಿಗೆ ಕಾಣದ್ದು ಇನ್ನೂ ಎಲ್ಲಾದರೂ ಉಳಿದಿರಬಹುದು, ಅದನ್ನು ಮಾತ್ರೆಯಿಂದ ಹೊಡೆಯಬೇಕು ಎಂದರು. ಎರಡು ವಾರ ಮಾತ್ರೆ, ಒಂದು ವಾರ ಬಿಡುವು. ಮತ್ತೆ ಎರಡು ವಾರ. ಹೀಗೆ ಆರು ತಿಂಗಳು. ಹದಿನೈದು ದಿನಕ್ಕೊಮ್ಮೆ, ಶನಿವಾರ, ನಮ್ಮೂರಿಗೇ ಬಂದು ನೋಡುವ ಡಾಕ್ಟರು ಸಿಕ್ಕಿದ್ದು ನಮ್ಮ ಪುಣ್ಯ.

ಇಂಗ್ಲಿಷಿನಲ್ಲಿ ಏನು ಬಂದರೂ ನಮ್ಮ ಮನೆಯಲ್ಲಿ ಅದು ನನ್ನ ಕೈಗೇ ಬರುತ್ತದೆ. ಮದುವೆಯಾಗಿ ಬಂದ ವರ್ಷದಿಂದ ಹಾಗೇ. ಬ್ಯಾಂಕಿನ ಕಾಗದ, ಮಿಕ್ಸರಿನ ಜೊತೆ ಬರುವ ಪುಸ್ತಕ, ಕೆಮ್ಮಿನ ಔಷಧದ ಚೀಟಿ. “ಸೊಸಿ ಓದ್ಯಾಳ, ಆಕಿನ್ನ ಕೇಳ್ರಿ” ಎಂದು ಅತ್ತೆ ಬಂದವರ ಎದುರು ಹೇಳಿಕೊಳ್ಳುತ್ತಿದ್ದರು. ಓದಿ, ಅವರಿಗೆ ತಿಳಿಯುವ ಹಾಗೆ ಹೇಳುವುದು ನನ್ನ ಕೆಲಸ. ಹೇಳುವಾಗ ಗಡಸಾದದ್ದನ್ನು ಸ್ವಲ್ಪ ಮೆತ್ತಗೆ ಮಾಡುತ್ತಿದ್ದೆ. ಅದು ನನಗೆ ಯಾರೂ ಕಲಿಸಿದ್ದಲ್ಲ, ಸ್ವಭಾವ. ಗ್ರಂಥಿಗಳ ವಿಷಯವನ್ನೂ ಹಾಗೇ ಹೇಳಿದ್ದೆ: “ಏನೂ ಇಲ್ರಿ ಅತ್ತಿ, ಬಂದೋಬಸ್ತಿಗೆ ಇರ್ಲಿ ಅಂತ ಮಾತ್ರಿ ಕೊಡಾಕತ್ತಾರ.”

ಮಾತ್ರೆ ಶುರುವಾಗುವ ಮುಂಚಿನ ವಾರ ಅತ್ತೆ ಕಂಪ್ಲಿಗೆ ಹೋಗಬೇಕೆಂದರು. ಅಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ನನ್ನ ಭಾವ ನೋಡಿಕೊಳ್ಳುತ್ತಾರೆ. ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಒಂದು ದಿಂಬು ಒತ್ತಿ ಹಿಡಿದುಕೊಂಡು, ರಸ್ತೆಯ ಒಂದೊಂದು ತಗ್ಗಿಗೂ ಕಣ್ಣು ಮುಚ್ಚುತ್ತ, ಕಾಲುವೆಯ ಪಕ್ಕದ ಬಾಳೆತೋಟ, ಭತ್ತದ ಗದ್ದೆ ದಾಟಿ ಕಾರಿನಲ್ಲಿ ಬಂದರು. ಗಿರಣಿಯ ಅಂಗಳದಲ್ಲಿ ಇಳಿದು ಬೇಯಿಸಿದ ಭತ್ತದ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡ ಮೇಲೆಯೇ ಅವರ ಮುಖ ಸಡಿಲವಾದದ್ದು.

ಅಂದೇ ನಮ್ಮ ನಾದಿನಿಯ ಮಗಳೂ ಅಲ್ಲಿಗೆ ಬಂದಿದ್ದಳು. ಬೇರೊಂದು ಊರಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುವ ಹುಡುಗಿ. ಬಾಯ್ಲರಿನ ಹಿಂದೆ, ಭತ್ತದ ಹೊಟ್ಟು ಉರಿದು ಬಿದ್ದ ಬೂದಿಯ ಗುಡ್ಡೆಯ ಮೇಲೆ, ಕೈಗವಸು ಹಾಕಿಕೊಂಡು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಪ್ಲಾಸ್ಟಿಕ್ ಚೀಲಗಳಿಗೆ ಬೂದಿ ತುಂಬುತ್ತಿದ್ದಳು. ಒಂದೊಂದು ಚೀಲಕ್ಕೂ ಒಂದೊಂದು ಚೀಟಿ.

“ಬೂದಿ ಒಯ್ಯಾಕ ಇಷ್ಟ್ ಓದಬೇಕೇನವಾ?” ಎಂದು ಬಾಯ್ಲರ್ ನೋಡಿಕೊಳ್ಳುವ ಮುದುಕ ಕೇಳಿದ.

“ಹೌದ್ರಿ ಕಾಕಾ. ಓದ್ಲಿಲ್ಲ ಅಂದಿದ್ರ ಇದನ್ನ ನೀವು ಪುಗಸಟ್ಟೆ ಕೊಡ್ತಿರಲಿಲ್ಲ” ಎಂದಳು ಅವಳು.

ಬೂದಿ ನಮ್ಮ ಮನೆಗೆ ಹೊಸದಲ್ಲ. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಧರಿಸದೆ ನೀರು ಸಹ ಕುಡಿಯುವವರಲ್ಲ. ಅದು ಬೇರೆ ಬೂದಿ. ಗಿರಣಿಯ ಕರಿ ಬೂದಿಯನ್ನು ಅವರು ಮೂರು ಸಲ ಸೋಸಿ, ಉಪ್ಪು ಬೆರೆಸಿ, ಗಾಜಿನ ಬಾಟಲಿಯಲ್ಲಿ ತುಂಬಿಟ್ಟುಕೊಂಡು ಹಲ್ಲು ಉಜ್ಜುತ್ತಾರೆ. ಬಾಯಿತುಂಬ ಹಲ್ಲು ಇನ್ನೂ ಗಟ್ಟಿಯಾಗಿ ಇರುವುದಕ್ಕೆ ಅದೇ ಕಾರಣ ಎಂಬುದು ಅವರ ನಂಬಿಕೆ. ಟೂತ್‌ಪೇಸ್ಟು ಹಾಕುವ ನಮ್ಮನ್ನು ಕಂಡರೆ ಅವರಿಗೆ ಕನಿಕರ.

ಅತ್ತೆ ಒಳಗೆ ಮಲಗಿದ್ದಾಗ, ಬೇವಿನ ನೆರಳಲ್ಲಿ ಕೂತು ಆ ಹುಡುಗಿ ನನಗೆ ತನ್ನ ಕೆಲಸ ವಿವರಿಸಿದಳು. ಅರ್ಧ ಇಂಗ್ಲಿಷು, ಅರ್ಧ ನಮ್ಮ ಮಾತು. ಭತ್ತದ ಗಿಡ ನೆಲದಿಂದ ಮರಳಿನ ಸತ್ವವನ್ನು ಹೀರಿ ಹೊಟ್ಟಿನಲ್ಲಿ ಇಟ್ಟುಕೊಳ್ಳುತ್ತದಂತೆ. ಹೊಟ್ಟಿನ ಬೂದಿಯನ್ನು ಆಮ್ಲದಲ್ಲಿ ತೊಳೆದು, ಕರಿ ಎಲ್ಲ ಹೋಗಿ ಬೆಳ್ಳಗಾಗುವ ತನಕ ಸುಟ್ಟು, ಕರಗಿಸಿ, ಅದರಿಂದ ಮತ್ತೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳನ್ನು ಕಟ್ಟುತ್ತಾಳಂತೆ. ಒಂದು ಕೂದಲಿನ ದಪ್ಪದಲ್ಲಿ ಅಂಥವು ನೂರಾರು ಸಾಲಾಗಿ ನಿಲ್ಲಬಹುದು. ಒಂದೊಂದು ಗುಂಡಿನ ತುಂಬ ತೂತು. ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಬೂದು ಬಣ್ಣದ ಚಿತ್ರ. ಶಾವಿಗೆ ಒತ್ತುವ ಬಿಲ್ಲೆಯ ಹಾಗೆ ಕಂಡಿತು ನನಗೆ.

“ಈ ತೂತಿನಾಗ ಕ್ಯಾನ್ಸರ್ ಔಷಧ ತುಂಬೋದು ಅತ್ತಿ” ಎಂದಳು. ನನ್ನನ್ನು ಅವಳು ಕರೆಯುವುದು ಹಾಗೇ. “ತುಂಬಿ ಬಾಯಿ ಮುಚ್ಚಬೇಕು. ಗಡ್ಡಿ ಇದ್ದಲ್ಲಿ ಹೋದ ಮ್ಯಾಲ ಅಷ್ಟ ಆ ಬಾಯಿ ತೆರೀಬೇಕು. ಹಂಗಾದ್ರ ಔಷಧ ಮೈತುಂಬ ಸುಡೋದಿಲ್ಲ. ಅಂಗೈ ಸುಲಿಯೋದು, ಕೂದಲ ಉದುರೋದು ಎಲ್ಲಾ ಕಡಿಮಿ.”

“ಅಜ್ಜಿಗೆ ಕೊಡಾಕ ಬರತೈತೇನು?” ಎಂದೆ.

ಅವಳು ಚೀಲದ ಬಾಯಿಯನ್ನು ಒತ್ತಿ ಮುಚ್ಚುತ್ತ ಹೇಳಿದಳು: “ನಂದು ಇನ್ನಾ ಗಾಜಿನ ತಟ್ಟ್ಯಾಗ ಐತಿ. ಇಲಿಗೂ ಕೊಟ್ಟಿಲ್ಲ. ಮನಷ್ಯಾರಿಗೆ ಅನ್ನೋದ್ರಾಗ ನಾನೂ ಅಜ್ಜಿ ಆಗಿರ್ತೀನಿ.”

ಸಂಜೆ, ಹೊಸಪೇಟೆಗೆ ವಾಪಸು ಬರುವಾಗ, ಅತ್ತೆ ಕೇಳಿದರು: “ಆ ಹುಡುಗಿ ಬೂದಿ ಯಾಕ ಒಯ್ದಳವಾ?”

ಕಾರಿನ ಹಿಂದಿನ ಸೀಟಿನಲ್ಲಿ ನಾವಿಬ್ಬರೇ. ನನ್ನ ಗಂಡ ಮುಂದೆ ಗಾಡಿ ಓಡಿಸುತ್ತ ಫೋನಿನಲ್ಲಿ ಯಾರಿಗೋ ಉತ್ತರ ಕೊಡುತ್ತಿದ್ದರು. ನಾನು ಹೇಳಿದೆ. ನಮ್ಮ ಗಿರಣಿಯ ಬೂದಿಯಲ್ಲಿ ಸಣ್ಣ ಸಣ್ಣ ತೂತು ಇರುತ್ತವೆ, ಅದರೊಳಗೆ ಔಷಧ ತುಂಬಿದರೆ ಅದು ನೆಟ್ಟಗೆ ಗಡ್ಡೆ ಇದ್ದಲ್ಲಿಗೇ ಹೋಗಿ ಬಿಡುತ್ತದೆ, ಬೇರೆ ಕಡೆ ತ್ರಾಸು ಕೊಡುವುದಿಲ್ಲ ಎಂದೆ.

“ತೂತಿನಾಗ ಔಷಧ ಹೆಂಗ ಹೊಕ್ಕತೈತಿ?”

“ಒಗ್ಗರಣಿ ಮಾಡಾಕ ಮಂಡಕ್ಕಿ ನೀರಾಗ ಹಾಕ್ತೀವಲ್ರಿ, ಹಂಗ. ಹೀರ್ಕೊಳ್ಳತೈತಿ.”

ಅವರು ದಿಂಬಿನ ಮೇಲೆ ಕೈಯಾಡಿಸಿದರು. ಆಪರೇಷನ್ ಆದಂದಿನಿಂದ ನೋಡದ ಒಂದು ಬೆಳಕು ಅವರ ಮುಖದಲ್ಲಿ ಬಂದಿತ್ತು. “ನಮ್ಮ ಬೂದಿ” ಎಂದರು ಮೆಲ್ಲಗೆ. “ನೋಡು ಮತ್ತ. ನಾವು ತಿಪ್ಪಿಗೆ ಹಾಕತಿದ್ವಿ.”

ಆಮ್ಲದಲ್ಲಿ ತೊಳೆಯುವುದು, ಬೆಳ್ಳಗಾಗುವ ತನಕ ಸುಡುವುದು, ಇಲಿಗೂ ಕೊಡದೆ ಇರುವುದು, ಇದೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಬೆಳಕು ನೋಡಿ ನುಂಗಿಕೊಂಡೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮಾತ್ರೆ ಶುರುವಾಯಿತು. ತಿಳಿ ಗುಲಾಬಿ ಬಣ್ಣದ, ಉದ್ದನೆಯ ಮಾತ್ರೆಗಳು. ವಯಸ್ಸಾದವರು ಎಂದು ಡಾಕ್ಟರು ಕಡಿಮೆಯಿಂದ ಶುರು ಮಾಡಿದ್ದರು: ಬೆಳಿಗ್ಗೆ ಎರಡು, ಸಂಜೆ ಎರಡು, ತಿಂದ ಅರ್ಧ ಗಂಟೆಯೊಳಗೆ. ನಾನು ಸಣ್ಣ ಬಟ್ಟಲಿನಲ್ಲಿ ಹಾಕಿ ಕೊಡುತ್ತಿದ್ದೆ. ಅತ್ತೆ ಅದನ್ನು ಹಿಡಿದುಕೊಂಡು ದೇವರ ಕೋಣೆಗೆ ಹೋಗುತ್ತಿದ್ದರು. “ಲಿಂಗಪ್ಪನ ಮುಂದ ಇಟ್ಟು ತಗೋತೀನಿ” ಎನ್ನುತ್ತಿದ್ದರು. ನಾನು ಯಾಕೆ ಬೇಡ ಎನ್ನಲಿ? ಬಟ್ಟಲು ಬರಿದಾಗಿ ಹೊರಗೆ ಬರುತ್ತಿತ್ತು. ನಾನು ಟಿಕ್ ಹಾಕುತ್ತಿದ್ದೆ.

ಅವರ ಸ್ಟೀಲ್ ಲೋಟದ ಅಂಚಿನಲ್ಲಿ ಒಂದು ಕಪ್ಪು ಗೆರೆ ಇರುವುದನ್ನು ನಾನು ಮೊದಲ ವಾರವೇ ನೋಡಿದ್ದೆ. ಒಳಗೆ, ಕುಡಿಯುವ ಕಡೆ, ಪೆನ್ಸಿಲಿನಲ್ಲಿ ಎಳೆದಂಥ ತೆಳು ಗೆರೆ. ಬಾಯಿ ಹುಣ್ಣಾಗುವ ಕಾಲ, ಮೆತ್ತಗಿನ ಬ್ರಷ್ಷನ್ನೇ ಬಳಸಬೇಕು, ಬೂದಿಪುಡಿ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು. ಕದ್ದು ಉಜ್ಜುತ್ತಿದ್ದಾರೆ ಎಂದುಕೊಂಡೆ. ಊಟದ ಖಾರ ಹೋಯಿತು, ಉಪ್ಪಿನಕಾಯಿ ಹೋಯಿತು, ಹಲ್ಲುಪುಡಿಯಾದರೂ ಇರಲಿ ಪಾಪ ಎಂದು ಸುಮ್ಮನಾದೆ. ಬೆರಳಿನಿಂದ ಉಜ್ಜಿ ಉಜ್ಜಿ ಆ ಗೆರೆ ತೊಳೆಯುತ್ತಿದ್ದೆ. ಅದು ಸುಲಭಕ್ಕೆ ಹೋಗುತ್ತಿರಲಿಲ್ಲ.

ಎರಡು ವಾರ ಕಳೆಯಿತು. ಅಂಗೈ ಮಲ್ಲಿಗೆ ಎಸಳಿನ ಹಾಗಿತ್ತು. ಬಾಯಿ ಚೊಕ್ಕ. ಭೇದಿ ಇಲ್ಲ. ಬಿಡುವಿನ ವಾರದ ಕೊನೆಯ ಶನಿವಾರ ನನ್ನ ಹಾಳೆ ನೋಡಿ ಡಾಕ್ಟರು ಹುಬ್ಬೇರಿಸಿದರು.

“ಭಾಳ ಗಟ್ಟಿ ಇದ್ದೀರಲ್ಲ ಅಮ್ಮ. ನನ್ನ ಮೂವತ್ತು ವರ್ಷದ ಪೇಷೆಂಟುಗಳೇ ಕಾಲು ಊರೋಕಾಗಲ್ಲ ಅಂತ ಅಳ್ತಾರೆ.”

“ಜ್ವಾಳದ ರೊಟ್ಟಿ ತಿಂದ ಮೈ ರೀ” ಎಂದರು ಅತ್ತೆ, ನನ್ನ ಕಡೆ ಒಂದು ಸಲ ಓರೆಯಾಗಿ ನೋಡಿ. ಆ ನೋಟದಲ್ಲಿ ಏನೋ ಇತ್ತು, ಇಬ್ಬರಿಗೇ ಗೊತ್ತಿರುವ ಗುಟ್ಟಿನಂಥದ್ದು. ನನಗೆ ಅರ್ಥವಾಗಲಿಲ್ಲ.

ಇಷ್ಟು ಚೆನ್ನಾಗಿ ತಡೆದುಕೊಂಡಿದ್ದರಿಂದ ಮಾತ್ರೆ ಹೆಚ್ಚಿಸೋಣ ಎಂದರು ಡಾಕ್ಟರು. ಬೆಳಿಗ್ಗೆ ಮೂರು, ಸಂಜೆ ಮೂರು. ದಾರಿಯಲ್ಲಿ ಮೈಸೂರು ಪಾಕು ಕೊಂಡೆವು.

ಎರಡನೆಯ ಸುತ್ತಿನ ನಾಲ್ಕನೆಯ ದಿನ, ಗುರುವಾರ. ನನ್ನ ಗಂಡ ಸಂಡೂರಿನ ಗಣಿ ಕಚೇರಿಯಲ್ಲಿ ಕೆಲಸ ಮಾಡುವವರು. ಎಂಟು ಗಂಟೆಗೇ ಹೊರಟಿದ್ದರು. ಅತ್ತೆ ಉಪ್ಪಿಟ್ಟು ತಿಂದು, ಮಾತ್ರೆಯ ಬಟ್ಟಲು ಹಿಡಿದು ದೇವರ ಕೋಣೆಗೆ ಹೋಗಿ ಬಂದು, ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ನಾನು ಟಿಕ್ ಹಾಕಿಯಾಗಿತ್ತು. ಮಲಪನಗುಡಿಯಿಂದ ಹೂವು ತರುವಾಕೆ ಅಂದು ತಡವಾಗಿ ಬಂದಳು. ಹೂವು ಏರಿಸೋಣವೆಂದು ನಾನು ದೇವರ ಕೋಣೆಗೆ ಹೋದೆ. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಹೋಗುವುದಿಲ್ಲ.

ಮಣೆಯ ಹಿಂದೆ, ಗೋಡೆಗೆ ಒತ್ತಿ, ಆ ಸ್ಟೀಲ್ ಲೋಟ ಇತ್ತು. ಮೇಲೆ ತಟ್ಟೆ ಮುಚ್ಚಿತ್ತು. ತಟ್ಟೆ ಎತ್ತಿದೆ. ಅರ್ಧ ಲೋಟ ಕಪ್ಪು ನೀರು. ಅದರ ಮೇಲೆ, ತೆಳುವಾಗಿ ಕರಗುತ್ತಿದ್ದ ಗುಲಾಬಿ ಬಣ್ಣದ ಪೊರೆ.

ನನಗೆ ಎಲ್ಲ ಒಟ್ಟಿಗೇ ತಿಳಿಯಿತು ಎಂದು ಈಗ ಅನ್ನಿಸುತ್ತದೆ. ಹಾಗಿರಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕೆ ನಡೆಯುವ ತನಕ, ಇದೇನು ಇದು, ಇದೇನು ಎಂದಷ್ಟೇ ತಲೆಯಲ್ಲಿತ್ತು. ನೀರು ಲೋಟದಲ್ಲಿ ತುಳುಕುತ್ತಿತ್ತು.

“ಅತ್ತಿ, ಇದೇನ್ರಿ?”

“ಅಯ್ಯ, ಯಾಕ ತಂದಿ ಅದನ್ನ? ಇನ್ನಾ ಅರ್ಧ ತಾಸು ನೆನೀಬೇಕದು.”

“ಏನು ನೆನೀಬೇಕು?”

“ಮಾತ್ರಿ. ತೂತಿನಾಗ ಇಳೀಬೇಕಲ್ಲ?” ಎಂದರು, ಮರೆತ ಪಾಠವನ್ನು ನೆನಪಿಸುವವರ ಹಾಗೆ. “ನೀನ ಹೇಳಿದ್ದಿಯಲ್ಲ ಮಂಡಕ್ಕಿ ಹಂಗ ಅಂತ. ಎರಡು ಚಮಚಾ ಬೂದಿ ಹಾಕ್ತೀನಿ. ಉಪ್ಪು ಹಾಕಿಲ್ಲ ಇದಕ್ಕ. ಬ್ಯಾರೇನ ಸೋಸಿ ಇಟ್ಟೀನಿ. ನೋಡು, ಒಂದು ಉಗುರಿಗೆ ಸೈತ ಏನೂ ಆಗಿಲ್ಲ ನನಗ. ಎಲ್ಲಾ ನೆಟ್ಟಗ ಅಲ್ಲಿಗೇ ಹೋಗಾಕತ್ತೈತಿ.”

“ಮೊದಲಿಂದಾನೂ ಹಿಂಗ ಮಾಡೀರೇನ್ರಿ?”

“ಮೊದಲ ದಿನದಿಂದ. ನಿನಗ ಗೊತ್ತೈತಿ ಅಂದ್ಕೊಂಡಿದ್ದೆ. ಲ್ವಾಟ ದಿನಾ ನೀನ ತೊಳೀತಿಯಲ್ಲ.”

ನಾನು ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟೆ. ಹೂವಿನ ಪೊಟ್ಟಣ ಇನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದೆ.

ಮೊದಲು ನಾದಿನಿಯ ಮಗಳಿಗೆ ಫೋನು ಮಾಡಿದೆ. ಡಾಕ್ಟರಿಗೆ ಮಾಡುವ ಧೈರ್ಯ ಬರಲಿಲ್ಲ. ಅವಳು ಎತ್ತಿದಾಗ ಹಿಂದೆ ಯಾವುದೋ ಯಂತ್ರ ಗುಂಯ್‌ಗುಡುತ್ತಿತ್ತು. ನಾನು ಹೇಳುತ್ತ ಹೋದಂತೆ ಅವಳು ಅಲ್ಲಿಂದ ಹೊರಗೆ ನಡೆದು ಬಂದಳು; ಸದ್ದು ದೂರವಾಯಿತು.

“ಅತ್ತಿ, ಸುಮ್ನ ಕೇಳ್ರಿ ಈಗ. ಆ ಬೂದಿ ಕರೇದು. ಅಂದ್ರ ಅದ್ರಾಗ ಇದ್ದಲ ಐತಿ. ವಿಷ ಕುಡದವ್ರಿಗೆ ಆಸ್ಪತ್ರ್ಯಾಗ ಇದ್ದಲಪುಡಿ ಕುಡಸ್ತಾರ ನೋಡ್ರಿ, ಯಾಕ? ಹೊಟ್ಟ್ಯಾಗಿನ ವಿಷ ಹಿಡ್ಕೊಂಡು ಹೊರಗ ಹೋಗಲಿ ಅಂತ. ಅಜ್ಜಿ ಮಾತ್ರೀನೂ ಅದು ಹಂಗ ಹಿಡ್ಕೊಂಡಿರಬೋದು.”

“ಹಿಡ್ಕೊಂಡು?”

“ಹಿಡ್ಕೊಂಡು, ಬೆಳಿಗ್ಗೆ ಹೊರಗ. ಎಷ್ಟು ಹಿಡದೈತಿ, ಎಷ್ಟು ಬಿಟ್ಟೈತಿ, ನಂಗ ಗೊತ್ತಿಲ್ಲ. ತೂತಿನಾಗ ಔಷಧ ಹೋಗೋದು ದೊಡ್ಡ ಮಾತಲ್ಲ ಅತ್ತಿ. ಸರಿಯಾದ ಕಡೆ ಬಿಡಿಸಬೇಕಲ್ಲ, ಅದಕ್ಕ ನಾನು ನಾಲ್ಕು ವರ್ಷ ಕೂತೀನಿ. ಡಾಕ್ಟರಿಗೆ ಈಗ್ಲೇ ಹೇಳ್ರಿ. ಮಾತ್ರಿ ಜಾಸ್ತಿ ಬ್ಯಾರೆ ಮಾಡ್ಯಾರ. ಬೂದಿ ಬಿಟ್ಟು ಒಮ್ಮೆಗೇ ಅಷ್ಟೂ ಮಾತ್ರಿ ಹೋದ್ರ ಅಜ್ಜಿಗೆ ತಡಿಯೋದಿಲ್ಲ.”

ಅಲ್ಲಿಯ ತನಕ ನನಗೆ ಒಂದು ಹೆದರಿಕೆ ಇತ್ತು: ಮೊದಲ ಸುತ್ತಿನ ಅಷ್ಟೂ ದಿನ ಅತ್ತೆಯ ಮೈಯಲ್ಲಿ ಔಷಧವೇ ಇರಲಿಲ್ಲವೇನೋ, ಉಳಿದಿದ್ದ ರೋಗದ ಕಾಳುಗಳು ಆ ಹೊತ್ತಿನಲ್ಲಿ ಮೊಳೆತವೇನೋ ಎಂದು. ಈಗ ಎರಡಾಯಿತು. ಇನ್ನು ಮೇಲೆ ಔಷಧ ಪೂರ್ತಿ ಹೋದರೂ ಹೆದರಿಕೆ. ಫ್ರಿಜ್ಜಿನ ಬಾಗಿಲ ಮೇಲೆ ನನ್ನ ದುಂಡನೆಯ ಅಕ್ಷರಗಳು ಸಾಲಾಗಿ ನಿಂತಿದ್ದವು: ಇಲ್ಲ, ಇಲ್ಲ, ಇಲ್ಲ. ನಾನು ಆ ಹಾಳೆಯನ್ನು ಕಿತ್ತು, ಹರಿಯಲು ಹೋಗಿ, ಡಾಕ್ಟರಿಗೆ ಬೇಕಾಗಬಹುದು ಎಂದು ಮತ್ತೆ ಮಡಚಿ ಇಟ್ಟುಕೊಂಡೆ.

ಡಾಕ್ಟರ ನರ್ಸಿಗೆ ಫೋನು ಮಾಡಿ ಹೇಳಿದೆ. ಹತ್ತು ನಿಮಿಷ ಬಿಟ್ಟು ಆ ನರ್ಸೇ ತಿರುಗಿ ಮಾಡಿದರು: ಮಾತ್ರೆ ನಿಲ್ಲಿಸಿ, ಬೂದಿ ನಿಲ್ಲಿಸಿ, ಲೋಟ ಯಾರೂ ಬಳಸಬೇಡಿ, ನಾಡಿದ್ದು ಶನಿವಾರ ಸರದಿ ಇಲ್ಲದಿದ್ದರೂ ಡಾಕ್ಟರು ಬರುತ್ತಾರೆ, ಮೊದಲು ನಿಮ್ಮನ್ನೇ ನೋಡುತ್ತಾರೆ. “ಲೋಟ ತೊಳೀತಿದ್ದವರು ಯಾರು?” ಎಂದು ಕೇಳಿದರು. ನಾನು ಎಂದೆ. “ಬರಿಗೈಲಾ?” ಹೌದು ಎಂದೆ. “ಆ ಔಷಧ ಕೈ ಚರ್ಮದಿಂದಲೂ ಒಳಗೆ ಹೋಗಬಹುದು” ಎಂದರು. ಅತ್ತ ಕಡೆ ಬರೆದುಕೊಳ್ಳುವ ಸದ್ದು. ಆ ಮೇಲೆ ನನ್ನ ಅಂಗೈಯನ್ನೂ ನೋಡಿಕೊಳ್ಳಲು ಶುರು ಮಾಡಿದೆ.

ಅತ್ತೆಗೆ ಹೇಳುವುದು ಉಳಿದಿತ್ತು. ಅಂದು ಮಧ್ಯಾಹ್ನ ಊಟದ ಮೇಲೆ ಹೇಳಿದೆ. ಈ ಸಲ ಏನನ್ನೂ ಮೆತ್ತಗೆ ಮಾಡಲಿಲ್ಲ. ಇಲಿಯಿಂದ ಹಿಡಿದು ಗ್ರಂಥಿಗಳ ತನಕ ಎಲ್ಲವನ್ನೂ ಹೇಳಿದೆ. ಅವರು ಬಾಳೆಹಣ್ಣು ಸುಲಿಯುತ್ತಿದ್ದರು. ಸಿಪ್ಪೆಯನ್ನು ಪೂರ್ತಿ ಸುಲಿದು, ಎಳೆಗಳನ್ನು ಒಂದೊಂದಾಗಿ ತೆಗೆದು, ತಟ್ಟೆಯ ಅಂಚಿಗೆ ಇಟ್ಟರು. ಹಣ್ಣು ತಿನ್ನಲಿಲ್ಲ.

“ಹಂಗಾದ್ರ ಇನ್ನಾ ಒಳಗೈತಿ ಅದು.”

“ಇರಬೋದು ಅಂತಾರ. ಇರಲಿಕ್ಕಿಲ್ಲ ಅಂತಾನೂ ಅಂತಾರ.”

“ಬಂದೋಬಸ್ತಿಗೆ ಅಂದಿದ್ದಿ ನೀನು.”

“ಹೌದ್ರಿ.”

ಅವರು ಬಯ್ಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಎದ್ದು ದೇವರ ಕೋಣೆಗೆ ಹೋಗಿ, ಸೋಸಿಟ್ಟ ಬೂದಿಯ ಬಾಟಲಿ ತಂದು ನನ್ನ ಮುಂದೆ ಇಟ್ಟು, “ಹಿತ್ತಲಾಗ ಸುರುವು” ಎಂದರು. ಬೂದಿಯನ್ನು ಎಷ್ಟು ನುಣ್ಣಗೆ ಸೋಸಿದ್ದರೆಂದರೆ ಸುರಿದಾಗ ಹೊಗೆಯ ಹಾಗೆ ಎದ್ದು ನನ್ನ ಸೀರೆಯ ನೆರಿಗೆಯ ತುಂಬ ಕೂತಿತು.

ಶನಿವಾರದ ತನಕದ ಎರಡು ದಿನ ನಾನು ಹೇಗೆ ಕಳೆದೆನೋ. ಅಡುಗೆಯಲ್ಲಿ ಉಪ್ಪು ಎರಡು ಸಲ ಹಾಕಿದೆ. ಮಲಗಿದ್ದ ಅತ್ತೆಯನ್ನು ಎಬ್ಬಿಸಿ “ಹೊಟ್ಟೆ ನೋವೈತೇನ್ರಿ?” ಎಂದು ಕೇಳುತ್ತಿದ್ದೆ. “ನೀ ಹಿಂಗ ಕೇಳಿದ್ರ ಇಲ್ಲದ್ದೂ ಬರತೈತಿ” ಎಂದರು ಅತ್ತೆ. ನನ್ನ ಗಂಡ ಮಾತ್ರ ಸಂಡೂರಿನ ಕೆಂಪು ಧೂಳು ತೊಳೆದುಕೊಳ್ಳುತ್ತ, ಬಚ್ಚಲಿನಿಂದಲೇ, “ನಮ್ಮವ್ವಗ ನಾನಾದ್ರೂ ಕೇಳಬೇಕಿತ್ತು, ಏನ್ ಮಾಡಾಕತ್ತೀಯವ್ವ ಅಂತ. ನಾವೆಲ್ಲಾ ನಿನ್ನ ಮ್ಯಾಲ ಬಿಟ್ಟು ಕುಂತ್ವಿ” ಎಂದರು. ಅದು ಸಮಾಧಾನವೋ ಆರೋಪವೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಾಗ ಶಾಲೆ ನೆನಪಾಯಿತು. ಶಾಲೆಯ ಪಕ್ಕದ ಚರ್ಚಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು, ಜಾಲರಿಯ ಹಿಂದಿನಿಂದ ಪಾದ್ರಿಗೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಸಾಲಾಗಿ ನಿಲ್ಲುತ್ತಿದ್ದರು. ಉಳಿದ ನಾವು ಹೊರಗೆ ಕಿಟಕಿಯಿಂದ ನೋಡುತ್ತ, ಅವರು ಏನು ಹೇಳುತ್ತಾರೆ ಎಂದು ಊಹಿಸುತ್ತಿದ್ದೆವು. ಪೆನ್ಸಿಲ್ ಕದ್ದದ್ದು, ತಮ್ಮನಿಗೆ ಹೊಡೆದದ್ದು. ನನಗೂ ಒಂದು ಸಲ ಆ ಜಾಲರಿಯ ಹಿಂದೆ ಕೂರಬೇಕೆಂದು ಆಸೆಯಿತ್ತು. ಹೇಳಲು ನನ್ನ ಹತ್ತಿರ ಆಗ ಏನೂ ಇರಲಿಲ್ಲ.

ಡಾಕ್ಟರು ಅತ್ತೆಯ ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ಅಮ್ಮ, ಬೂದಿ ಹಾಕಿ ಕುಡೀರಿ ಅಂತ ನಿಮಗೆ ಹೇಳಿದ್ದು ಯಾರು? ನಾಟಿ ಔಷಧಿಯವರಾ?”

“ಯಾರೂ ಹೇಳಿಲ್ರಿ. ನಂದ ತಲಿ ಓಡಿತು” ಎಂದರು ಅತ್ತೆ, ಮೇಜಿನ ಕಾಲು ನೋಡುತ್ತ.

ಅಲ್ಲಿಗೆ ಬಿಡಬಹುದಿತ್ತು. ಅವರು ನನಗೆ ದಾರಿ ಮಾಡಿಕೊಟ್ಟಿದ್ದರು.

“ನಾನು ಹೇಳಿದ್ದು ಡಾಕ್ಟ್ರೇ. ಬೂದಿಯಲ್ಲಿ ಔಷಧ ತುಂಬಬಹುದು ಅಂತ ಹೇಳಿ, ಅದು ಇನ್ನೂ ಪ್ರಯೋಗ ಅಷ್ಟೇ ಅಂತ ಹೇಳಲಿಲ್ಲ. ಮಾತ್ರೆ ಯಾಕೆ ಅನ್ನೋದನ್ನೂ ಸರಿಯಾಗಿ ಹೇಳಿರಲಿಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಇನ್ನೂ ಚಿಕ್ಕ ವಯಸ್ಸಿನವರು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಬೈಯಲಿಲ್ಲ. ನನ್ನ ಹಾಳೆಯನ್ನು ತೆಗೆದುಕೊಂಡು, ಆ ‘ಇಲ್ಲ’ಗಳ ಮೇಲೆ ಬೆರಳು ಓಡಿಸಿದರು.

“ಇದನ್ನ ನೋಡಿ ನಾನೂ ಖುಷಿಪಟ್ಟೆ” ಎಂದರು. “ನಾನೂ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು.”

“ಮೊದಲಿನ ಸುತ್ತು ಪೂರ್ತಿ ಹಾಳಾಯ್ತಾ?”

“ಎಷ್ಟು ಒಳಗೆ ಹೋಗಿದೆ, ಎಷ್ಟು ಹೋಗಿಲ್ಲ ಅಂತ ಯಾರಿಂದಲೂ ಹೇಳೋಕಾಗಲ್ಲ. ಹೋಗಿಲ್ಲ ಅಂತಲೇ ತಿಳ್ಕೊಂಡು ಹೊಸದಾಗಿ ಶುರು ಮಾಡೋಣ. ಕಡಿಮೆಯಿಂದ. ಕೊನೆಗೆ ಸ್ಕ್ಯಾನ್. ಅಲ್ಲೀವರೆಗೆ ಏನೂ ಗೊತ್ತಾಗಲ್ಲ, ನಿಮಗೂ, ನನಗೂ.”

ಏನೂ ಗೊತ್ತಾಗುವುದಿಲ್ಲ ಎಂಬ ಆ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆವು. ಈ ಸಲ ಸಿಹಿ ಅಂಗಡಿಯ ಮುಂದೆ ಯಾರೂ ಗಾಡಿ ನಿಲ್ಲಿಸಲಿಲ್ಲ.

ಸೋಮವಾರದಿಂದ ಮತ್ತೆ ಬೆಳಿಗ್ಗೆ ಎರಡು, ಸಂಜೆ ಎರಡು. ಅತ್ತೆ ಅಡುಗೆಮನೆಯಲ್ಲೇ, ನನ್ನ ಎದುರಿಗೇ ನಿಂತು, ಹೊಸ ಲೋಟದ ತಿಳಿನೀರಿನಲ್ಲಿ ಮಾತ್ರೆ ನುಂಗಿ, ಬಾಯಿ ಅಗಲ ತೆರೆದು ತೋರಿಸುತ್ತಿದ್ದರು. “ನೋಡ್ಕೊ. ನಾಲಗಿ ಕೆಳಗೂ ನೋಡ್ಕೊ ಮತ್ತ.” ನಾನು ನಿಜವಾಗಿಯೂ ನೋಡುತ್ತಿದ್ದೆ. ಹೊಸ ಹಾಳೆ ಅಂಟಿಸಿದೆ. ಬೆಳಿಗ್ಗೆ ಅವರ ಕೈಗೆ ಚಹಾ ಕೊಡುವಾಗ ಹಳೆಯ ಹಾಗೇ ತಡೆದು ಅಂಗೈ ನೋಡುತ್ತಿದ್ದೆ. ಈಗ ನೋಡುತ್ತಿದ್ದದ್ದು ಬೇರೆ ಆಸೆಯಿಂದ. ಅವರಿಗೆ ಉರಿ ಬರಲಿ, ಚರ್ಮ ಕೆಂಪಾಗಲಿ ಎಂದು ಕಾಯುತ್ತಿದ್ದೆ. ಆಯುಷ್ಯದಲ್ಲಿ ಒಬ್ಬರ ಕೆಡುಕನ್ನೂ ಬಯಸದ ನಾನು, ನನ್ನನ್ನು ಮಗಳ ಹಾಗೆ ನೋಡಿಕೊಂಡವರ ಮೈ ಸುಡಲಿ ಎಂದು ದೇವರ ಮುಂದೆ ನಿಂತು ಕೇಳಿದ್ದೇನೆ. ಕೇಳಿ, ಕೇಳಿದ್ದಕ್ಕೆ ಹೆದರಿದ್ದೇನೆ.

ಮೂರನೇ ದಿನ ಇಲ್ಲ. ಐದನೇ ದಿನ ಇಲ್ಲ. ವಾರವಾಯಿತು, ಅಂಗೈ ಹಾಗೇ ಬೆಳ್ಳಗಿತ್ತು. ಎಂಟನೆಯ ದಿನ ನಾನು ಅವರು ಮಲಗಿದ್ದಾಗ ದೇವರ ಕೋಣೆಯಲ್ಲಿ ಮಣೆ ಸರಿಸಿ, ಗಂಟೆ ಎತ್ತಿ, ಎಲ್ಲ ತಡಕಿದೆ. ಏನೂ ಇರಲಿಲ್ಲ. ತಿರುಗಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಸಿಕ್ಕಿತೇನು?” ಎಂದರು.

ನಾನು ನಾಚಿ, ಎತ್ತಿದ್ದ ಗಂಟೆಯನ್ನು ಅದರ ಜಾಗದಲ್ಲೇ ಇಟ್ಟೆ.

ಹನ್ನೊಂದನೆಯ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹೆಂಚಿನಿಂದ ತೆಗೆದ ರೊಟ್ಟಿಯನ್ನು ಬುಟ್ಟಿಗೆ ಹಾಕಲು ಅತ್ತೆ ಎಂದಿನಂತೆ ಬರಿಗೈ ಚಾಚಿದರು. ಐವತ್ತು ವರ್ಷ ಬಿಸಿ ರೊಟ್ಟಿ ಹಿಡಿದ ಕೈ. ಮುಟ್ಟಿದ ಕೂಡಲೇ “ಸ್ಸ್” ಎಂದು ಕೈ ಎಳೆದುಕೊಂಡರು. ರೊಟ್ಟಿ ನೆಲಕ್ಕೆ ಬಿತ್ತು.

ಇಬ್ಬರೂ ಒಂದು ಕ್ಷಣ ಆ ರೊಟ್ಟಿಯನ್ನೇ ನೋಡಿದೆವು. ಆಮೇಲೆ ಅವರು ಕಿಟಕಿಯ ಬೆಳಕಿಗೆ ಹೋಗಿ ಎರಡೂ ಅಂಗೈ ಬಿಡಿಸಿ ಹಿಡಿದರು. ಹೆಬ್ಬೆರಳ ಬುಡದಲ್ಲಿ, ಬೆರಳ ಗೆಣ್ಣುಗಳ ಕೆಳಗೆ, ಕುಂಕುಮ ಮುಟ್ಟಿ ಒರೆಸಿಕೊಂಡಂತೆ ತೆಳ್ಳಗೆ ಕೆಂಪು.

“ಬಂತು ನೋಡವಾ ನಿನ್ನ ಕೆಂಪು” ಎಂದರು. “ಈಗಾದ್ರೂ ಹೊಟ್ಟಿ ತುಂಬ ಉಣ್ಣು. ಒಣಗಿ ಹೋಗೀದಿ.”

ನಾನು ಒಲೆ ಆರಿಸಿ ಅವರ ಕೈ ಹಿಡಿದುಕೊಂಡೆ. ಬಿಸಿಯಾಗಿತ್ತು, ಸ್ವಲ್ಪ ಊದಿತ್ತು. ಡಾಕ್ಟರು ಕೊಟ್ಟಿದ್ದ ಮುಲಾಮನ್ನು ತಂದು, ಕೆಂಪಿನ ಅಂಚು ಎಲ್ಲಿಯ ತನಕ ಇದೆ ಎಂದು ನೋಡಿ ನೋಡಿ ಹಚ್ಚಿದೆ. ಉರಿಯುತ್ತದೆಯೇ ಎಂದು ಕೇಳಿದೆ. ಉರಿಯುತ್ತದೆ ಎಂದರು. ಸ್ಕ್ಯಾನಿಗೆ ಇನ್ನೂ ಐದು ತಿಂಗಳಿತ್ತು. ನನ್ನ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಆದರೂ ಅಂದು ಕೈ ತೊಳೆದುಕೊಂಡು, ಸ್ಕೇಲು ಹುಡುಕದೆ, ಆ ಹಾಳೆಯಲ್ಲಿ ಅಂಗೈಯ ಎದುರು ‘ಹೌದು’ ಎಂದು ಬರೆದೆ. ಅಕ್ಷರ ಸೊಟ್ಟಗೆ ಬಂತು.